ಅಂಗಾಲಿನ ನರಹುಲಿಗೆ ಹಚ್ಚುವ ಮದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಮೆಡಿಕಲ್ ಶಾಪಲ್ಲಿ ನಾನು ಫಾರ್ಮಸಿಸ್ಟ್ ಆಗಿ 14 ವರ್ಷ ಆಯ್ತು. ವಾರದಲ್ಲಿ ಮೂರ್ನಾಲ್ಕು ಜನ ಆದ್ರೂ ಚಪ್ಪಲಿ ತೆಗ್ದು ಕಾಲು ಮಡ್ಚಿ "ಇದೆಂತ ನೋಡಿ" ಅಂತ ತೋರಿಸ್ತಾರೆ, ಇನ್ನು ಕೆಲವರು ರಾತ್ರಿ ಹತ್ತು ಗಂಟೆಗೆ ವಾಟ್ಸಾಪಲ್ಲಿ ಫೋಟೋ ಹಾಕ್ತಾರೆ. ಕೌಂಟರಲ್ಲಿ ನಿಂತು ಎರಡು ನಿಮಿಷಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಇದು, ಹಿಂದೆ ಬಿಪಿ ಮಾತ್ರೆಗೆ ಬಂದವರು ಕಾಯ್ತಾ ಇರ್ತಾರೆ, ಹಾಗಾಗಿ ಎಲ್ಲ ಸೇರಿಸಿ ಬರ್ದಿಟ್ಟೆ. ನನಗೂ ಕಾಲೇಜಿಗೆ ಹೋಗುವಾಗ ಹಿಮ್ಮಡಿಯಲ್ಲಿ ಎರಡು ಆಗಿತ್ತು, ಮೂರು ಬಾಟ್ಲಿ ಮದ್ದು ಅರ್ಧರ್ಧ ಹಚ್ಚಿ ಬಿಟ್ಟಿದ್ದೆ, ನಾಲ್ಕನೇದನ್ನು ಒಂದು ದಿನ ತಪ್ಪಿಸದೆ ಹಚ್ಚಿದ ಮೇಲೆಯೇ ಹೋದದ್ದು. ಕೆಳಗೆ ಬರೆದದ್ರಲ್ಲಿ ಆ ಅನುಭವವೂ ಸೇರಿ ಉಂಟು.

## ಮೊದಲು ತಿಳ್ಕೊಳ್ಬೇಕಾದ್ದು

ಇದು ಆಣಿಯಾ ನರಹುಲಿಯಾ? ನೋಡ್ಲಿಕ್ಕೆ ಎರಡೂ ಒಂದೇ ಥರ ಅಲ್ವಾ?

ನಮ್ಮಲ್ಲಿ ಅಂಗಾಲಲ್ಲಿ ಗಟ್ಟಿಯಾಗಿ ಎಂತ ಬಂದ್ರೂ ಆಣಿ ಅಂತಲೇ ಹೇಳುದು, ಮಲಯಾಳದವರೂ ಆಣಿ ಅಂತಲೇ ಹೇಳ್ತಾರೆ, ಕೈಯಲ್ಲಿ ಬಂದ್ರೆ ಮಾತ್ರ ಅದು ನರಹುಲಿ, ಅವರ ಬಾಯಲ್ಲಿ ಅರಿಂಬಾರ. ಗೊಂದಲ ಅಲ್ಲಿಂದಲೇ ಶುರು. ಆಣಿ ಅಂದ್ರೆ ಒಂದೇ ಜಾಗಕ್ಕೆ ಭಾರ ಬಿದ್ದು, ಚಪ್ಪಲಿ ಉಜ್ಜಿ, ಚರ್ಮ ತನ್ನನ್ನು ಕಾಪಾಡ್ಲಿಕ್ಕೆ ದಪ್ಪ ಆಗುದು. ನರಹುಲಿ ವೈರಸ್ಸಿಂದ ಬರುದು, ಭಾರ ಬೀಳದ ಜಾಗದಲ್ಲೂ ಬರ್ತದೆ, ಒಂದಿದ್ದದ್ದು ಐದಾಗ್ತದೆ.

ಮನೆಯಲ್ಲಿ ನೋಡುವ ಕ್ರಮ ಹೇಳ್ತೇನೆ. ಕಾಲನ್ನು ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಟ್ಟು, ಒರಸಿ, ಒಳ್ಳೆ ಬೆಳಕಲ್ಲಿ ನೋಡಿ. ಅಂಗೈಯಲ್ಲಿ ಇರುವ ಹಾಗೆ ಅಂಗಾಲಲ್ಲೂ ಸಣ್ಣ ಸಣ್ಣ ಗೆರೆ ಉಂಟಲ್ಲ, ಆ ಗೆರೆ ಗಂಟಿನ ಮೇಲೆಯೇ ಹಾದು ಹೋದ್ರೆ ಅದು ಆಣಿ ಅಥವಾ ಬರೇ ದಡ್ಡುಗಟ್ಟಿದ ಚರ್ಮ. ಗೆರೆ ಗಂಟಿನ ಅಂಚಿಗೆ ಬಂದು ನಿಂತು, ಸುತ್ತು ಹಾಕಿ ಹೋದ್ರೆ ನರಹುಲಿ ಇರುವ ಸಾಧ್ಯತೆ ಜಾಸ್ತಿ. ಎರಡನೇದು, ಮೇಲಿಂದ ಒತ್ತಿದಾಗ ಹೆಚ್ಚು ನೋವಾದ್ರೆ ಆಣಿ, ಎರಡು ಬದಿಯಿಂದ ಚಿವುಟಿ ಹಿಡಿದಾಗ ಹೆಚ್ಚು ನೋವಾದ್ರೆ ನರಹುಲಿ. ಮೂರನೇದು ಕಪ್ಪು ಚುಕ್ಕೆ, ಸಾಸಿವೆಗಿಂತಲೂ ಸಣ್ಣದು, ಗಂಟಿನ ಒಳಗೆ ಕಾಣ್ತದೆ, ಅದು ಮುಳ್ಳೂ ಅಲ್ಲ ಮಣ್ಣೂ ಅಲ್ಲ, ಸಣ್ಣ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು. ಮೂರೂ ಸೇರಿ ನೋಡಿ, ಒಂದನ್ನೇ ನಂಬ್ಬೇಡಿ. ಆಮೇಲೂ ಡೌಟ್ ಇದ್ರೆ ಒಂದು ಸಲ ಡಾಕ್ಟ್ರಿಗೆ ತೋರಿಸಿದ ಮೇಲೆಯೇ ಮದ್ದು ಶುರು ಮಾಡಿ.

ನಾನು ಕಾಲು ತೊಳೆಯದೆ ಒಳಗೆ ಬರುವವಳೇ ಅಲ್ಲ, ಮತ್ತೆ ಇದು ಎಲ್ಲಿಂದ ಬಂತು?

ಗಲೀಜಿಂದ ಬರುದಲ್ಲ ಅಕ್ಕ. ಹ್ಯೂಮನ್ ಪ್ಯಾಪಿಲೋಮಾ ವೈರಸ್ (ಎಚ್‌ಪಿವಿ) ಅಂತ ಒಂದು ದೊಡ್ಡ ಕುಟುಂಬ ಉಂಟು, ಅದರಲ್ಲಿ 1, 2, 4, 27, 57 ಈ ನಂಬರಿನವು ಹೆಚ್ಚಾಗಿ ಕಾಲಿಗೆ ಬರುದು. ಚರ್ಮ ಒದ್ದೆಯಾಗಿ ಮೆತ್ತಗೆ ಆಗಿರುವಾಗ, ಒಂದು ಸಣ್ಣ ಬಿರುಕೋ ತರಚಿದ ಗಾಯವೋ ಇದ್ರೆ ಸಾಕು, ಒಳಗೆ ಹೋಗ್ತದೆ. ನಮ್ಮ ಊರಿನ ಕತೆ ನೀವೇ ನೋಡಿ, ಜೂನಿಂದ ಅಕ್ಟೋಬರ್ ವರೆಗೆ ಕಾಲು ಒಣಗುದೇ ಇಲ್ಲ, ಮುರಕಲ್ಲಿನ ಅಂಗಳ ಕಾಲನ್ನು ತರಚ್ತದೆ, ದೇವಸ್ಥಾನದ ಕೆರೆಯ ಮೆಟ್ಟಿಲು, ಹಾಸ್ಟೆಲಿನ ಬಚ್ಚಲು ಎಲ್ಲ ಬರಿಗಾಲಲ್ಲೇ. ಮೈಗೆ ಹತ್ತಿ ಗಂಟು ಕಾಣುವಾಗ ವಾರದಿಂದ ಹಿಡಿದು ಎಷ್ಟೋ ತಿಂಗಳು ಆಗಿರ್ತದೆ, ಹಾಗಾಗಿ ಇಂಥಾ ಕಡೆಯಿಂದಲೇ ಬಂತು ಅಂತ ಯಾರ ಮೇಲೂ ಹಾಕ್ಲಿಕ್ಕೆ ಆಗುದಿಲ್ಲ.

ಎಂತ ಮಾಡದೆ ಹಾಗೇ ಬಿಟ್ರೆ?

ತನ್ನಷ್ಟಕ್ಕೇ ಹೋಗ್ಲೂಬಹುದು. ಮಕ್ಕಳಲ್ಲಿ ಸುಮಾರು ಅರ್ಧದಷ್ಟು ನರಹುಲಿ ಒಂದು ವರ್ಷದೊಳಗೆ ಮದ್ದಿಲ್ಲದೆ ಮಾಯ ಆಗ್ತದೆ, ದೊಡ್ಡವರಲ್ಲಿ ನಿಧಾನ. ನೋವಿಲ್ಲ, ಹರಡುದಿಲ್ಲ ಅಂತಾದ್ರೆ ಕಾಯುದು ತಪ್ಪಲ್ಲ. ನಡೆಯುವಾಗ ಚುಚ್ಚಿದ್ರೆ, ಅಥವಾ ಸಂಖ್ಯೆ ಹೆಚ್ತಾ ಇದ್ರೆ ಶುರು ಮಾಡಿ.

ಬೇರು ಸಮೇತ ತೆಗೀಬೇಕು ಅಂತ ಹೇಳ್ತಾರಲ್ಲ, ಬ್ಲೇಡಲ್ಲಿ ಕೊರೆದ್ರೆ ಆಗುದಿಲ್ವಾ?

ಬೇರು ಇಲ್ಲ. ನರಹುಲಿ ಇರುದು ಚರ್ಮದ ಮೇಲಿನ ಪದರದಲ್ಲಿ ಮಾತ್ರ, ನಾವು ಅದರ ಮೇಲೆಯೇ ನಿಂತು ನಡೆದು ಅದು ಒಳಗೆ ತಳ್ಳಲ್ಪಟ್ಟು ಆಳ ಇದ್ದ ಹಾಗೆ ಕಾಣುದು ಅಷ್ಟೆ. ಬ್ಲೇಡಲ್ಲಿ ಕೊರೆದವರ ಕಾಲು ನಾನು ನೋಡಿದ್ದೇನೆ, ಕೊರೆದಲ್ಲಿಂದ ರಕ್ತ, ಆ ರಕ್ತದ ಗಾಯದ ಸುತ್ತ ಎರಡು ತಿಂಗಳು ಕಳೆದು ಹೊಸತು ನಾಲ್ಕು ನರಹುಲಿ. ದಯವಿಟ್ಟು ಬೇಡ.

## ಮದ್ದು ಮತ್ತು ಹಚ್ಚುವ ಕ್ರಮ

ಯಾವ ಮದ್ದು ಒಳ್ಳೇದು, ನೀವೇ ಒಂದು ಕೊಡಿ

ಮನೆಯಲ್ಲಿ ಹಚ್ಚುವುದರಲ್ಲಿ ಮೊದಲನೇದು ಸ್ಯಾಲಿಸಿಲಿಕ್ ಆಸಿಡ್. ಇದು ವೈರಸ್ಸನ್ನು ಕೊಲ್ಲುದಿಲ್ಲ, ಇದನ್ನು ಮೊದಲೇ ತಿಳ್ಕೊಳ್ಳಿ. ಚರ್ಮದ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಇಟ್ಟದ್ದನ್ನು ಬಿಡಿಸಿ ಪದರ ಪದರವಾಗಿ ಕೀಳ್ತದೆ, ಆ ಕಿರಿಕಿರಿಗೆ ಶರೀರದ ರೋಗನಿರೋಧಕ ಶಕ್ತಿ ಎಚ್ಚರ ಆಗಿ ಆ ಕಡೆ ನೋಡ್ತದೆ. ಕೆಲಸ ಮುಗಿಸುದು ನಿಮ್ಮ ಶರೀರವೇ.

ಎರಡು ರೂಪದಲ್ಲಿ ಸಿಗ್ತದೆ. ಒಂದು ಬಾಟ್ಲಿಯ ಪೇಂಟ್, ಸ್ಯಾಲಿಸಿಲಿಕ್ ಆಸಿಡ್ 16.7 ಪರ್ಸೆಂಟ್, ಲ್ಯಾಕ್ಟಿಕ್ ಆಸಿಡ್ 16.7 ಪರ್ಸೆಂಟ್, ಸಲಾಕ್ಟಿನ್, ಡ್ಯುಯೋಫಿಲ್ಮ್ ಅಂತ ಹೆಸರುಗಳು. ಇನ್ನೊಂದು ಕಾರ್ನ್ ಕ್ಯಾಪ್ ಪಟ್ಟಿ, ಅದ್ರಲ್ಲಿ 40 ಪರ್ಸೆಂಟ್. ನಾನು ಹೆಚ್ಚಿನವರಿಗೆ ಪೇಂಟೇ ಹೇಳುದು, ಯಾಕಂದ್ರೆ ಎಷ್ಟು ಬೇಕೋ ಅಷ್ಟೇ ಜಾಗಕ್ಕೆ ಹಚ್ಬಹುದು. ಪಟ್ಟಿ ಬೆವರಿಗೆ ಜಾರಿ ಪಕ್ಕದ ಒಳ್ಳೆ ಚರ್ಮದ ಮೇಲೆ ಕೂತ್ರೆ ಅಲ್ಲಿ ಬೆಂದ ಹಾಗೆ ಆಗ್ತದೆ. ಮತ್ತೆ ಒಂದು ವಿಷಯ, ಹುಳಕಡ್ಡಿಗೆ ಕೊಡುವ ವೈಟ್‌ಫೀಲ್ಡ್ ಮುಲಾಮಲ್ಲೂ ಸ್ಯಾಲಿಸಿಲಿಕ್ ಉಂಟು ಅಂತ ಅದನ್ನೇ ಹಚ್ಚುವವರಿದ್ದಾರೆ, ಅದ್ರಲ್ಲಿ ಇರುದು 3 ಪರ್ಸೆಂಟ್, ಅಂಗಾಲಿನ ದಪ್ಪ ಚರ್ಮಕ್ಕೆ ಅದು ಎಲ್ಲಿಗೂ ಸಾಲದು.

ಬಾಟ್ಲಿ ಮೇಲೆ ಪೂರ್ತಿ ಇಂಗ್ಲಿಷ್, ಅಂಗಡಿಯವರು ಮಲಯಾಳಲ್ಲಿ ಹೇಳಿದ್ದು ಅರ್ಧ ಗೊತ್ತಾಗ್ಲಿಲ್ಲ. ಹಚ್ಚುದು ಹೇಗೆ ಸರಿಯಾಗಿ ಹೇಳಿ

ಈ ಪ್ರಶ್ನೆ ಕೇಳಿದಾಗ ನನಗೆ ಬೇಜಾರಾಗ್ತದೆ, ಗಡಿಯಲ್ಲಿ ಇದ್ದದ್ದಕ್ಕೆ ಮದ್ದು ಹಚ್ಚುವ ಕ್ರಮವೂ ಯಾರದೋ ಭಾಷೆಯಲ್ಲಿ ಅರ್ಧ ಕೇಳಿ ಹೋಗುವ ಹಾಗೆ ಆಗ್ಬಾರ್ದು. ನಿಧಾನಕ್ಕೆ ಓದಿ.

ರಾತ್ರಿ ಮಲಗುವ ಮೊದಲು ಮಾಡಿ. ಉಗುರು ಬೆಚ್ಚಗಿನ ನೀರಲ್ಲಿ ಕಾಲು ಐದರಿಂದ ಹತ್ತು ನಿಮಿಷ ಇಡಿ. ಒರಸಿ. ಆಮೇಲೆ ಉಗುರು ಉಜ್ಜುವ ಕಾಗದದ ಫೈಲೋ, ಸಣ್ಣ ಪ್ಯೂಮಿಸ್ ಕಲ್ಲೋ ತಗೊಂಡು ಮೇಲಿನ ಬಿಳಿ ಸತ್ತ ಚರ್ಮ ಉಜ್ಜಿ ತೆಗೀರಿ, ನೋವಾಗ್ಬಾರ್ದು, ರಕ್ತ ಬರ್ಬಾರ್ದು, ಪುಡಿ ಪುಡಿಯಾಗಿ ಉದುರಿದ್ರೆ ಸಾಕು. ಈ ಉಜ್ಜುದನ್ನು ಬಿಟ್ಟು ಬರೇ ಮದ್ದು ಹಚ್ಚುವವರೇ ಹೆಚ್ಚು, ಅವರಿಗೆ ಗುಣ ಆಗದೆ ಇರ್ಲಿಕ್ಕೆ ಕಾರಣವೂ ಹೆಚ್ಚಾಗಿ ಅದೇ, ಸತ್ತ ಚರ್ಮದ ಮೇಲೆ ಹಚ್ಚಿದ ಮದ್ದು ಅಲ್ಲೇ ನಿಲ್ತದೆ, ಕೆಳಗೆ ಇಳಿಯುದಿಲ್ಲ.

ಉಜ್ಜಿದ ಮೇಲೆ ಗಂಟಿನ ಸುತ್ತ ಒಳ್ಳೆ ಚರ್ಮಕ್ಕೆ ವ್ಯಾಸಲೀನ್ ತೆಳು ಉಂಗುರದ ಹಾಗೆ ಹಚ್ಚಿ, ಗಂಟಿನ ಮೇಲೆ ತಾಗ್ಬಾರ್ದು. ಪೇಂಟ್ ಬಾಟ್ಲಿಯ ಬ್ರಶ್ಶಿಂದಲೋ ಬೆಂಕಿಕಡ್ಡಿಯ ಮದ್ದಿಲ್ಲದ ತುದಿಯಿಂದಲೋ ಗಂಟಿನ ಮೇಲೆ ಮಾತ್ರ ಒಂದು ಹನಿ. ಒಣಗ್ಲಿಕ್ಕೆ ಬಿಡಿ, ತೆಳು ಪೊರೆ ಕಟ್ತದೆ, ಅದರ ಮೇಲೆ ಇನ್ನೊಂದು ಹನಿ. ಪೂರ್ತಿ ಒಣಗಿದ ಮೇಲೆ ಸಾದಾ ಪ್ಲಾಸ್ಟರ್ ಟೇಪ್ ಹಾಕಿ ಮಲಗಿ. ಮರುದಿನ ರಾತ್ರಿ ಆ ಹಳೆ ಪೊರೆಯನ್ನು ಕಿತ್ತು ಅಥವಾ ಉಜ್ಜಿ ತೆಗೆದು ಮತ್ತೆ ಮೊದಲಿಂದ.

ಪೇಂಟಲ್ಲಿ ಕೊಲೋಡಿಯನ್ ಅಂತ ಇರ್ತದೆ, ಬೇಗ ಬೆಂಕಿ ಹಿಡಿಯುವ ವಸ್ತು, ದೇವರ ದೀಪದ ಹತ್ರವೋ ಬಚ್ಚಲಿನ ಒಲೆಯ ಹತ್ರವೋ ಕೂತು ಹಚ್ಬೇಡಿ. ಮುಚ್ಚಳ ಕೂಡ್ಲೇ ಹಾಕಿ, ಇಲ್ಲಾಂದ್ರೆ ಹತ್ತು ದಿನದಲ್ಲಿ ಬಾಟ್ಲಿಯೊಳಗೆ ಅಂಟಿನ ಹಾಗೆ ಗಟ್ಟಿ ಆಗ್ತದೆ.

ನಾಲ್ಕು ದಿನ ಹಚ್ಚಿದೆ, ಜಾಗ ಪೂರ್ತಿ ಬೆಳ್ಳಗಾಗಿ ನೀರಲ್ಲಿ ನೆನೆದ ಹಾಗೆ ಆಗಿದೆ. ಹಾಳಾಯ್ತಾ?

ಇಲ್ಲ, ಹಾಗೇ ಆಗ್ಬೇಕು. ಕೆಂಪಾಗಿ ಉರಿದು, ಕಾಲು ಊರ್ಲಿಕ್ಕೆ ಆಗದಷ್ಟು ನೋವಾದ್ರೆ ಎರಡು ಮೂರು ದಿನ ನಿಲ್ಸಿ, ಕಡ್ಮೆ ಆದ ಮೇಲೆ ಮತ್ತೆ ಶುರು ಮಾಡಿ. ಕೀವು, ಜ್ವರ, ಕೆಂಪು ಮೇಲೆ ಹಬ್ಬುದು ಕಂಡ್ರೆ ಮದ್ದು ಬಿಟ್ಟು ಡಾಕ್ಟ್ರ ಹತ್ರ.

ಎಷ್ಟು ದಿನ ಹಚ್ಬೇಕು? ಹದಿನೈದು ದಿನ ಆಯ್ತು, ಎಂತ ವ್ಯತ್ಯಾಸ ಇಲ್ಲ

12 ವಾರ. ಅಡಿಕೆ ಹಿಂಗಾರ ಒಡೆದದ್ದು ಕಂಡ ಕೂಡ್ಲೇ ಯಾರೂ ಗೊನೆ ಕೊಯ್ಲಿಕ್ಕೆ ಹೋಗುದಿಲ್ವಲ್ಲ, ಇದಕ್ಕೂ ಅಷ್ಟು ತಾಳ್ಮೆ ಬೇಕು. ಮೂರನೇ ವಾರದ ಹೊತ್ತಿಗೆ ಎಂತದೂ ಆಗ್ಲಿಲ್ಲ ಅಂತ ಬಿಡುವವರೇ ಜಾಸ್ತಿ, ಬಿಟ್ಟು ಒಂದು ತಿಂಗಳು ಕಳೆದು ಅದೇ ಗಂಟಿಗೆ ಬೇರೆ ಕಂಪೆನಿ ಮದ್ದು ಕೇಳ್ತಾ ಬರ್ತಾರೆ, ಒಳಗಿನ ಸಾಮಾನು ಅದೇ. ಅವರಿಗೆ ಬಾಟ್ಲಿ ಮಾರುವಾಗ ನನಗೆ ನಿಜವಾಗಿ ಸಂಕಟ ಆಗ್ತದೆ.

ಹಾಗಂತ ಖಂಡಿತ ಹೋಗ್ತದೆ ಅಂತ ನಾನು ಹೇಳುದಿಲ್ಲ. ಬ್ರಿಟನಲ್ಲಿ 240 ಜನರ ಮೇಲೆ ಮಾಡಿದ ಒಂದು ಅಧ್ಯಯನ 2011ರಲ್ಲಿ ಪ್ರಕಟ ಆಯ್ತು, ಅಂಗಾಲಿನ ನರಹುಲಿಗೆ ಒಂದು ಗುಂಪಿಗೆ 50 ಪರ್ಸೆಂಟ್ ಸ್ಯಾಲಿಸಿಲಿಕ್ ಆಸಿಡ್ ಮನೆಯಲ್ಲಿ ಹಚ್ಲಿಕ್ಕೆ ಕೊಟ್ರು, ಇನ್ನೊಂದು ಗುಂಪಿಗೆ ಕ್ಲಿನಿಕಲ್ಲಿ ಲಿಕ್ವಿಡ್ ನೈಟ್ರೋಜನ್ ಹಾಕಿದ್ರು, ಐಸ್ ಟ್ರೀಟ್‌ಮೆಂಟ್ ಅಂತ ಹೇಳುದು ಇದನ್ನೇ. 12 ವಾರ ಆದಾಗ ಪೂರ್ತಿ ಹೋದದ್ದು ಎರಡೂ ಗುಂಪಲ್ಲಿ 14 ಪರ್ಸೆಂಟ್ ಜನರಿಗೆ ಮಾತ್ರ. ಕಾಲಿನ ನರಹುಲಿ ಎಷ್ಟು ಹಟಮಾರಿ ಅಂತ ಇದ್ರಿಂದ ಗೊತ್ತಾಗ್ತದೆ. ಬೇರೆ ಬೇರೆ ಅಧ್ಯಯನ ಒಟ್ಟು ಸೇರಿಸಿ ನೋಡಿದ್ರೆ ಸ್ಯಾಲಿಸಿಲಿಕ್ ಆಸಿಡ್ ಸುಮ್ನೆ ಇರುದಕ್ಕಿಂತ ಒಳ್ಳೇದು, ಕಡ್ಮೆ ಖರ್ಚು, ಮನೆಯಲ್ಲೇ ಆಗ್ತದೆ, ಹಾಗಾಗಿ ಶುರು ಮಾಡುದು ಇದ್ರಿಂದಲೇ. 12 ವಾರದಲ್ಲಿ ಸಣ್ಣದಾಗಿದ್ರೆ ಮುಂದುವರಿಸಿ, ಏನೂ ಬದಲಾಗದಿದ್ರೆ ಡಾಕ್ಟ್ರು.

ನನಗೆ ಶುಗರ್ ಉಂಟು, ಹಚ್ಬಹುದಾ?

ಬೇಡ. ನೀವೇ ತಗೊಂಡು ಹಚ್ಲೇಬೇಡಿ. ಶುಗರ್ ಹಳೆಯದಾದಾಗ ಕಾಲಿನ ಸ್ಪರ್ಶ ಗೊತ್ತಾಗುದು ಕಡ್ಮೆ ಆಗ್ತದೆ, ರಕ್ತ ಸಂಚಾರವೂ ಕಡ್ಮೆ, ಆಸಿಡ್ ಒಳ್ಳೆ ಚರ್ಮವನ್ನು ತಿಂದ್ರೂ ನಿಮಗೆ ಉರಿಯೇ ಗೊತ್ತಾಗುದಿಲ್ಲ, ಗೊತ್ತಾಗುವಾಗ ಹುಣ್ಣಾಗಿರ್ತದೆ. ಪರಿಚಯದ ಒಬ್ಬರು ಹಿರಿಯರು ಶುಗರ್ ಇದ್ದದ್ದನ್ನು ಹೇಳದೆ ಕಾರ್ನ್ ಕ್ಯಾಪ್ ತಗೊಂಡು ಹೋಗಿ ಹಾಕಿ, ಆ ಗಾಯ ಒಣಗ್ಲಿಕ್ಕೆ ಐದು ತಿಂಗಳು ಹಿಡೀತು. ಅಂದಿನಿಂದ ಕಾಲಿನ ಮದ್ದು ಕೇಳಿದ ಎಲ್ಲರ ಹತ್ರವೂ ನಾನು ಮೊದಲು ಶುಗರ್ ಉಂಟಾ ಅಂತಲೇ ಕೇಳುದು, ಬೇಜಾರು ಮಾಡ್ಕೊಳ್ಬೇಡಿ. ಕಾಲಿಗೆ ರಕ್ತ ಸಂಚಾರದ ತೊಂದ್ರೆ ಇರುವವರಿಗೆ, ಆಸ್ಪಿರಿನ್ ಅಲರ್ಜಿ ಇರುವವರಿಗೂ ಇದೇ ಮಾತು. ಬಸುರಿಯರು ಕೂಡ ಡಾಕ್ಟ್ರ ಹತ್ರ ಒಂದು ಮಾತು ಕೇಳಿ.

ಮಗನಿಗೆ ಆರು ವರ್ಷ, ಹಚ್ಲಿಕ್ಕೆ ಬಿಡುದಿಲ್ಲ, ಕೂಗ್ತಾನೆ

ನೋವಿಲ್ಲದಿದ್ರೆ ಕಾಯಿರಿ, ಮಕ್ಕಳಲ್ಲಿ ತಾನಾಗಿ ಹೋಗುವ ಸಾಧ್ಯತೆ ಒಳ್ಳೇದುಂಟು ಅಂತ ಮೇಲೆ ಹೇಳಿದ್ದೇನೆ. ಹಚ್ಚುದೇ ಆದ್ರೆ ಡಾಕ್ಟ್ರಿಗೆ ಒಮ್ಮೆ ತೋರಿಸಿ, ದೊಡ್ಡವರೇ ಹಚ್ಚಿ, ಬಾಟ್ಲಿ ಮಕ್ಕಳ ಕೈಗೆ ಸಿಗದ ಹಾಗೆ ಎತ್ತರಲ್ಲಿ ಇಡಿ. ಮುಖದ ನರಹುಲಿಗೆ ಇದೇ ಮದ್ದು ಹಚ್ಚುದು ಯಾವ ಪ್ರಾಯದವರಿಗೂ ಆಗ್ಲೇಬಾರ್ದು.

## ಮನೆಮದ್ದು, ತೋಟ, ಬಚ್ಚಲು

ಅಜ್ಜಿ ಗೇರುಬೀಜದ ಸಿಪ್ಪೆ ಎಣ್ಣೆ ಹಚ್ತಿದ್ರು, ಸುಣ್ಣ ಸೋಡಾ ಹಚ್ತಿದ್ರು, ಗುಣ ಆಗ್ತಿತ್ತು ಅಂತಾರೆ. ಅದು ಸುಳ್ಳಾ?

ಸುಳ್ಳಲ್ಲ, ಅಜ್ಜಿಯರು ಕಂಡದ್ದನ್ನೇ ಹೇಳಿದ್ದು. ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿ ಅನಕಾರ್ಡಿಕ್ ಆಸಿಡ್ ಅಂತ ಉಂಟು, ಅದರ ರಚನೆ ನೋಡಿದ್ರೆ ಸ್ಯಾಲಿಸಿಲಿಕ್ ಆಸಿಡಿಗೇ ಒಂದು ಉದ್ದ ಬಾಲ ಜೋಡಿಸಿದ ಹಾಗೆ, ನನಗೆ ಇದನ್ನು ಮೊದಲು ಓದಿದಾಗ ಮೈ ಜುಮ್ ಅಂದಿತ್ತು, ನಮ್ಮ ಗುಡ್ಡೆಯ ಗೇರುಮರ ಮತ್ತೆ ಅಂಗಡಿಯ ಬಾಟ್ಲಿ ಸಂಬಂಧಿಕರು! ಆದ್ರೆ ಅದೇ ಎಣ್ಣೆಯಲ್ಲಿ ಕಾರ್ಡೋಲ್ ಮೊದಲಾದ ಸುಡುವ ವಸ್ತುಗಳೂ ಉಂಟು, ಎಷ್ಟು ಪ್ರಮಾಣ ಅಂತ ಅಳತೆ ಇಲ್ಲ. ಬೀಜ ಸುಲಿಯುವವರ ಬೆರಳು ನೋಡಿದ್ದೀರಲ್ಲ, ಅದೇ ಗುಳ್ಳೆ, ಅದೇ ಸುಟ್ಟ ಕಲೆ ಅಂಗಾಲಲ್ಲೂ ಆಗ್ತದೆ. ಕೆಲವರಿಗೆ ಅಲರ್ಜಿಯಾಗಿ ಕಾಲು ಪೂರ್ತಿ ಬಾತು ಬರ್ತದೆ.

ಸುಣ್ಣ ಮತ್ತೆ ಬಟ್ಟೆಸೋಡಾ ಇನ್ನೂ ಅಪಾಯ. ವೀಳ್ಯದ ಸುಣ್ಣಕ್ಕೆ ಬಟ್ಟೆಸೋಡಾ ಸೇರಿಸಿ ನೀರು ಹಾಕಿದ್ರೆ ಉಂಟಾಗುದು ಕಾಸ್ಟಿಕ್ ಸೋಡಾ. ಅದು ನರಹುಲಿಯನ್ನೂ ಸುಡ್ತದೆ, ಸುತ್ತಲಿನ ಮಾಂಸವನ್ನೂ ಸುಡ್ತದೆ, ಎಲ್ಲಿಗೆ ನಿಲ್ಸಬೇಕು ಅಂತ ಅದಕ್ಕೆ ಗೊತ್ತಿಲ್ಲ. ಅಂಗಾಲಲ್ಲಿ ಒಮ್ಮೆ ಗಟ್ಟಿ ಕಲೆ ಆದ್ರೆ ಜೀವಮಾನ ಪೂರ್ತಿ ಕಲ್ಲಿನ ಮೇಲೆ ನಡೆದ ಹಾಗೆ ಚುಚ್ತದೆ.

ಸೆಲ್ಲೋಟೇಪ್ ಸುತ್ತಿದ್ರೆ ಹೋಗ್ತದಂತೆ, ಯೂಟ್ಯೂಬಲ್ಲಿ ನೋಡಿದೆ. ಹೋಮಿಯೋ ಥೂಜಾ ಆಗ್ಬಹುದಾ?

ಅದು ಡಕ್ಟ್ ಟೇಪ್, ಬಟ್ಟೆಯ ಹಾಗಿನ ದಪ್ಪ ಅಂಟು ಟೇಪ್. 2002ರ ಒಂದು ಸಣ್ಣ ಅಧ್ಯಯನದಲ್ಲಿ ಐಸ್ ಟ್ರೀಟ್‌ಮೆಂಟಿಗಿಂತ ಟೇಪೇ ಒಳ್ಳೇದು ಅಂತ ಬಂದು ಲೋಕ ಪೂರ್ತಿ ಸುದ್ದಿ ಆಯ್ತು, ಆಮೇಲೆ 2006ರಲ್ಲಿ 2007ರಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ ಅಂಥಾ ಲಾಭ ಕಾಣ್ಲಿಲ್ಲ. ಮದ್ದು ಹಚ್ಚಿ ಮೇಲಿಂದ ಟೇಪ್ ಹಾಕಿ, ಅದಕ್ಕೆ ಅರ್ಥ ಉಂಟು. ಹೋಮಿಯೋಪತಿಯನ್ನು ಅಂಗಾಲಿನ ನರಹುಲಿಗೇ ಪರೀಕ್ಷಿಸಿ ಕೆನಡಾದಲ್ಲಿ 1992ರಲ್ಲಿ ಪ್ರಕಟ ಮಾಡಿದ್ರು, ಖಾಲಿ ಗುಳಿಗೆಗೂ ಅದಕ್ಕೂ ವ್ಯತ್ಯಾಸ ಸಿಗ್ಲಿಲ್ಲ.

ತೋಟಕ್ಕೆ ಹೋಗದೆ ಆಗುದಿಲ್ಲ, ಮಳೆಗೆ ಟೇಪ್ ನಿಲ್ಲುದಿಲ್ಲ. ಹೇಗೆ ಹಚ್ಚುದು?

ಹಗಲು ಬಿಡಿ. ರಾತ್ರಿ ಹಚ್ಚಿ ಬೆಳಿಗ್ಗೆ ವರೆಗೆ ಎಂಟು ಗಂಟೆ ಇದ್ರೆ ಸಾಕು, ಹಗಲು ಗಮ್‌ಬೂಟ್ ಹಾಕಿ ತೋಟಕ್ಕೆ ಹೋಗಿ, ಬಂದು ಕಾಲು ತೊಳೆದು ಬೆರಳ ಸಂದಿ ಕೂಡ ಒರಸಿ ಒಣಗಿಸಿ. ಯಕ್ಷಗಾನ ಮೇಳದಲ್ಲಿ ಇರುವ ಒಬ್ಬರು ಇದನ್ನೇ ಬೇರೆ ರೀತಿ ಕೇಳಿದ್ರು, ರಾತ್ರಿ ರಂಗಸ್ಥಳದಲ್ಲಿ ಬರಿಗಾಲಲ್ಲಿ ಕುಣಿಬೇಕು, ದಿಗಿಣ ಹಾಕುವಾಗ ಪೂರ್ತಿ ಭಾರ ಅದೇ ಜಾಗಕ್ಕೆ, ಮದ್ದು ಹಚ್ಚಿದ ಮೆತ್ತಗಿನ ಚರ್ಮ ಕಿತ್ತು ಬರ್ತದೆ ಅಂತ. ಮೇ ಕೊನೆಗೆ ಮೇಳದ ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮರುದಿನವೇ ಶುರು ಮಾಡಿ ಅಂದೆ, ದೀಪಾವಳಿ ವರೆಗೆ 12 ವಾರಕ್ಕಿಂತ ಹೆಚ್ಚೇ ಸಿಗ್ತದೆ. ಮಾಡಿದ್ರು, ಎರಡರಲ್ಲಿ ಒಂದು ಪೂರ್ತಿ ಹೋಯ್ತು, ಇನ್ನೊಂದು ಸಣ್ಣದಾಗಿದೆ.

ಮನೆಯಲ್ಲಿ ಬೇರೆಯವರಿಗೆ ಹರಡದ ಹಾಗೆ ಎಂತ ಮಾಡ್ಬೇಕು?

ಮೊದಲು ಬಚ್ಚಲಲ್ಲಿ ಕಾಲು ಉಜ್ಜುವ ಕಲ್ಲು ನೋಡಿ, ಅಜ್ಜನಿಂದ ಮೊಮ್ಮಗನ ವರೆಗೆ ಎಲ್ಲರಿಗೂ ಅದೊಂದೇ ಕಲ್ಲು. ನರಹುಲಿ ಇರುವವರು ಅದಕ್ಕೆ ಉಜ್ಬೇಡಿ. ನಿಮ್ಮ ಫೈಲ್ ಬೇರೆ ಇಡಿ, ಅದ್ರಲ್ಲಿ ನಿಮ್ಮದೇ ಬೇರೆ ಕಾಲನ್ನೂ ಉಜ್ಬೇಡಿ, ಗುಣ ಆದ ಮೇಲೆ ಬಿಸಾಡಿ. ಟವೆಲ್, ಚಪ್ಪಲಿ, ಸಾಕ್ಸ್ ಬೇರೆ. ಬಚ್ಚಲಿಗೆ ಚಪ್ಪಲಿ ಹಾಕಿ. ದೇವಸ್ಥಾನಕ್ಕೆ ಹೋಗುವಾಗ ಗಂಟಿನ ಮೇಲೆ ವಾಟರ್‌ಪ್ರೂಫ್ ಪ್ಲಾಸ್ಟರ್ ಹಾಕಿದ್ರೆ ಆಯ್ತು, ಹೋಗುದೇ ಬಿಡ್ಬೇಕು ಅಂತ ಇಲ್ಲ.

## ಹಟಮಾರಿ ನರಹುಲಿ, ಡಾಕ್ಟ್ರ ಮದ್ದು

ಮಂಗಳೂರಲ್ಲಿ ಐಸ್ ಹಾಕಿದ್ರೆ ಒಂದೇ ಸಲಕ್ಕೆ ಹೋಗ್ತದಾ?

ಐಸ್ ಅಂದ್ರೆ ಲಿಕ್ವಿಡ್ ನೈಟ್ರೋಜನ್, ಮೈನಸ್ 196 ಡಿಗ್ರಿ. ಒಂದೇ ಸಲಕ್ಕೆ ಹೋಗುದು ಅಪರೂಪ, ಎರಡು ಮೂರು ವಾರಕ್ಕೊಮ್ಮೆ ನಾಲ್ಕಾರು ಸಲ ಹೋಗ್ಬೇಕಾಗ್ತದೆ, ಹಾಕಿದ ಮೇಲೆ ಗುಳ್ಳೆ ಬಂದು ಎರಡು ದಿನ ನಡೀಲಿಕ್ಕೆ ಕಷ್ಟ. ಮೇಲೆ ಹೇಳಿದ ಬ್ರಿಟನ್ ಅಧ್ಯಯನದಲ್ಲಿ ಮನೆಯ ಮದ್ದಿಗಿಂತ ಹೆಚ್ಚು ಗುಣ ಆಗ್ಲಿಲ್ಲ ಅನ್ನುದನ್ನು ನೆನಪಿಡಿ, ತಲಪಾಡಿ ಗಡಿ ದಾಟಿ ಹೋಗಿ ಬರುವ ಖರ್ಚು, ಒಂದು ದಿನದ ಕೆಲಸ ಎಲ್ಲ ಲೆಕ್ಕ ಹಾಕಿ. ನಡುವೆ ಸ್ಯಾಲಿಸಿಲಿಕ್ ಹಚ್ಚುದನ್ನು ಡಾಕ್ಟ್ರು ಮುಂದುವರಿಸಿ ಅಂದ್ರೆ ಬಿಡ್ಬೇಡಿ.

ಡಾಕ್ಟ್ರು ಇಮಿಕ್ವಿಮೋಡ್ ಬರ್ದಿದ್ದಾರೆ, ನೆರೆಮನೆಯವರಿಗೆ 5-ಎಫ್‌ಯು ಬರ್ದಿದ್ದಾರೆ. ಯಾವುದು ಸರಿ?

ಎರಡೂ ಬೇರೆ ದಾರಿಯವು. ಇಮಿಕ್ವಿಮೋಡ್ 5 ಪರ್ಸೆಂಟ್ ಕ್ರೀಮ್ ಆ ಜಾಗದಲ್ಲಿ ರೋಗನಿರೋಧಕ ಶಕ್ತಿಯನ್ನು ಎಬ್ಬಿಸ್ತದೆ, 5-ಫ್ಲೋರೋಯುರಾಸಿಲ್ ಕೋಶ ಬೆಳೆಯುದನ್ನೇ ತಡೀತದೆ. ಅಂಗಾಲಿನ ದಪ್ಪ ಚರ್ಮ ದಾಟಿ ಇವು ಒಳಗೆ ಹೋಗುದು ಕಷ್ಟ, ಅದಕ್ಕೇ ಮೊದಲು ಸ್ಯಾಲಿಸಿಲಿಕ್ ಹಚ್ಚಿ ಉಜ್ಜಿ ತೆಳು ಮಾಡ್ಲಿಕ್ಕೆ ಹೇಳುದು. ಗರ್ಭಿಣಿಯರಿಗೆ 5-ಎಫ್‌ಯು ಆಗ್ಲೇಬಾರ್ದು. ನೆರೆಮನೆಯವರ ಟ್ಯೂಬ್ ತಂದು ಹಚ್ಬೇಡಿ, ಚೀಟಿ ಇಲ್ಲದೆ ನಾನೂ ಕೊಡುದಿಲ್ಲ.

ಎಂಎಂಆರ್ ಲಸಿಕೆ ಗಂಟಿಗೇ ಚುಚ್ತಾರಂತೆ, ಮಕ್ಕಳ ಲಸಿಕೆ ಅಲ್ವಾ ಅದು? ಎಚ್‌ಪಿವಿ ಲಸಿಕೆ ಹಾಕಿದ್ರೆ ಆಗುದಿಲ್ವಾ?

ಹೌದು, ದಡಾರ, ಮಂಪ್ಸ್, ರುಬೆಲ್ಲಾ ಬಾರದ ಹಾಗೆ ಮಕ್ಕಳಿಗೆ ಕೊಡುವ ಅದೇ ಲಸಿಕೆ. ಆ ಲಸಿಕೆಗೆ ಶರೀರ ಜೋರಾಗಿ ಪ್ರತಿಕ್ರಿಯೆ ತೋರಿಸುವಾಗ ಪಕ್ಕದಲ್ಲಿದ್ದ ನರಹುಲಿ ವೈರಸ್ಸೂ ಕಣ್ಣಿಗೆ ಬೀಳ್ತದೆ ಅನ್ನುದು ಇದರ ಹಿಂದಿನ ವಿಚಾರ. ಕೆಲವರು ವಿಟಮಿನ್ ಡಿ ಕೂಡ ಹೀಗೇ ಚುಚ್ತಾರೆ. ಒಂದಕ್ಕೆ ಚುಚ್ಚಿದ್ರೆ ದೂರದಲ್ಲಿದ್ದದ್ದೂ ಹೋಗುದುಂಟು, ಹಾಗಾಗಿ ಏಳೆಂಟು ಇದ್ದವರಿಗೆ ಕೇಳಿ ನೋಡ್ಬಹುದಾದ ದಾರಿ. ಎಚ್‌ಪಿವಿ ಲಸಿಕೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ, ಹೆಣ್ಣುಮಕ್ಕಳಿಗೆ ತಪ್ಪದೆ ಹಾಕಿಸಿ, ಆದ್ರೆ ಕಾಲಿಗೆ ಬರುವ ನಂಬರುಗಳು ಅದ್ರಲ್ಲಿ ಇಲ್ಲ.

ಹೋಯ್ತು ಅಂತ ಗೊತ್ತಾಗುದು ಹೇಗೆ? ನೋವು ಹೋದ ಕೂಡ್ಲೇ ನಿಲ್ಸಬಹುದಾ?

ನೋವು ಮೊದಲು ಹೋಗ್ತದೆ, ವೈರಸ್ ಆಮೇಲೆ. ಅಂಗಾಲಿನ ಗೆರೆ ಆ ಜಾಗದ ಮೇಲೆ ತಪ್ಪದೆ ಹಾದು ಹೋಗ್ಬೇಕು, ಕಪ್ಪು ಚುಕ್ಕೆ ಒಂದೂ ಇರ್ಬಾರ್ದು, ಚಿವುಟಿದ್ರೆ ಪಕ್ಕದ ಚರ್ಮದ ಹಾಗೇ ಇರ್ಬೇಕು. ಅಲ್ಲಿ ವರೆಗೆ ಬಿಡ್ಬೇಡಿ. ನಾನು ಮೊದಲ ಮೂರು ಬಾಟ್ಲಿ ಬಿಟ್ಟದ್ದು ನೋವು ಹೋದ ದಿನವೇ.

ಅಪ್ಪನ ಹಿಮ್ಮಡಿಯಲ್ಲಿ ಒಂದು ಕಪ್ಪು ಮಚ್ಚೆ, ಒಂದು ವರ್ಷದಿಂದ ದೊಡ್ಡದಾಗ್ತಾ ಉಂಟು, ನರಹುಲಿ ಅಂತ ಮದ್ದು ಹಚ್ತಾ ಇದ್ದೇವೆ. ಮುಂದುವರಿಸ್ಬಹುದಾ?

ಇವತ್ತೇ ನಿಲ್ಸಿ. ನರಹುಲಿಯ ಕಪ್ಪು ಸೂಜಿಮೊನೆಯಷ್ಟು ಸಣ್ಣ ಬಿಡಿ ಬಿಡಿ ಚುಕ್ಕೆ, ಮಚ್ಚೆಯ ಹಾಗೆ ಹಬ್ಬುದಿಲ್ಲ. ಅಂಗಾಲಲ್ಲಿ ಅಂಚು ಸರಿ ಇಲ್ಲದ, ಒಂದು ಕಡೆ ಕಡುಕಪ್ಪು ಇನ್ನೊಂದು ಕಡೆ ಕಂದು ಇರುವ, ದೊಡ್ಡದಾಗ್ತಾ ಹೋಗುವ ಮಚ್ಚೆ, ಅಥವಾ ಒಣಗದೆ ರಕ್ತ ಒಸರುವ ಗಂಟು ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್ ಇರ್ಬಹುದು. ನಮ್ಮಂಥ ಕಪ್ಪು ಕಂದು ಚರ್ಮದವರಲ್ಲಿ ಆ ಕ್ಯಾನ್ಸರ್ ಹೆಚ್ಚಾಗಿ ಕಾಣುವ ಜಾಗಗಳಲ್ಲಿ ಅಂಗಾಲೂ ಒಂದು, ನರಹುಲಿ ಅಂತ ತಪ್ಪು ತಿಳಿದು ತಿಂಗಳುಗಟ್ಲೆ ಕಳೆಯುದೂ ಉಂಟು. ಬೇಗ ಗೊತ್ತಾದ್ರೆ ಕತ್ತರಿಸಿ ತೆಗೆದು ಗುಣ ಮಾಡ್ಲಿಕ್ಕೆ ಆಗ್ತದೆ. ಕಾಸರಗೋಡೋ ಕಾಞಂಗಾಡೋ ಮಂಗಳೂರೋ, ಎಲ್ಲಿ ಬೇಗ ಆಗ್ತದೋ ಅಲ್ಲಿ ಈ ವಾರವೇ ಸ್ಕಿನ್ ಡಾಕ್ಟ್ರಿಗೆ ತೋರಿಸಿ, ಸಣ್ಣ ಚೂರು ತೆಗೆದು ಬಯಾಪ್ಸಿ ಮಾಡ್ಬೇಕು ಅಂದ್ರೆ ಹೆದರದೆ ಮಾಡಿಸಿ, ಹಚ್ತಾ ಇದ್ದ ಬಾಟ್ಲಿಯನ್ನೂ ತಗೊಂಡು ಹೋಗಿ, ಎಷ್ಟು ದಿನದಿಂದ ಹಚ್ತಾ ಇದ್ದೀರಿ ಅಂತ ಡಾಕ್ಟ್ರಿಗೆ ಹೇಳಿ.